ದಾದಿಯೂ ತಾಯಿಯೂ: ಮಕ್ಕಳ ಆಸ್ಪತ್ರೆಯ ಶುಶ್ರೂಷೆಯ ಚರಿತ್ರೆಯಲ್ಲಿ ಒಂದು ಪ್ರಶ್ನೆ

ದೊಡ್ಡವರ ಆಸ್ಪತ್ರೆಯಲ್ಲಿ ದಾದಿಯ ವ್ಯವಹಾರವೆಲ್ಲ ಬಹುಮಟ್ಟಿಗೆ ರೋಗಿಯೊಡನೆಯೇ ನಡೆಯುತ್ತದೆ. ನೋವು ಎಲ್ಲಿ, ಎಷ್ಟು, ಎಂದಿನಿಂದ ಎಂಬುದನ್ನು ರೋಗಿಯೇ ಹೇಳುತ್ತಾನೆ. ಔಷಧ ಒಗ್ಗದಿದ್ದರೆ ಅದನ್ನೂ ಹೇಳುತ್ತಾನೆ. ಮಕ್ಕಳ ಆಸ್ಪತ್ರೆಯಲ್ಲಿ ರೋಗಿಗೆ ಬಾಯಿ ಬಾರದು. ಬಂದರೂ ಅದು ‘ಮಮ್ಮು’, ‘ತಾಚಿ’ಗಳ ಮನೆಮಾತು, ಅದರ ಅರ್ಥವನ್ನು ಪೂರ್ತಿಯಾಗಿ ಬಲ್ಲವಳು ತಾಯಿಯೊಬ್ಬಳೇ. ಆದುದರಿಂದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮೊದಲ ಸಲ ಮಕ್ಕಳ ವಾರ್ಡಿನಲ್ಲಿ ಕೆಲಸಕ್ಕೆ ನಿಂತ ತರುಣಿಯ ಮುಂದೆ, ಅವಳ ಪಠ್ಯಪುಸ್ತಕವು ಅಷ್ಟಾಗಿ ಚರ್ಚಿಸದ ಪ್ರಶ್ನೆಯೊಂದು ಮೊದಲ ದಿನವೇ ಬಂದು ನಿಲ್ಲುತ್ತದೆ: ಮಗುವಿನ ಜತೆಗೆ ಬಂದ ಈ ತಾಯಿಗೆ ಇಲ್ಲಿ ಏನು ಸ್ಥಾನ? ಮಕ್ಕಳ ಶುಶ್ರೂಷೆಯ ಚರಿತ್ರೆಯನ್ನು ಕಟ್ಟಡಗಳ, ದಾನಿಗಳ, ವೈದ್ಯರ ಚರಿತ್ರೆಯೆಂದು ಬರೆಯುವುದೇ ವಾಡಿಕೆ. ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಹಿಡಿದು ನೋಡಿದರೆ ಅದು ಬೇರೆಯೇ ರೂಪದಲ್ಲಿ ತೋರುತ್ತದೆ. ಏಕೆಂದರೆ ಆ ಉತ್ತರಗಳನ್ನು ಕೊಟ್ಟವರು ದೊಡ್ಡವರಾದರೂ, ವಾರ್ಡಿನ ಬಾಗಿಲಲ್ಲಿ ನಿಂತು ಅವುಗಳನ್ನು ನಡೆಯಿಸಬೇಕಾದವಳು ಅತ್ಯಂತ ಕಿರಿಯ ದಾದಿಯಾಗಿದ್ದಳು.

ಮೊದಲ ಉತ್ತರವು ಆಸ್ಪತ್ರೆಯೇ ಬೇಡವೆಂಬುದು. 1769ರಲ್ಲಿ ಲಂಡನ್ನಿನಲ್ಲಿ ಬಡವರ ಮಕ್ಕಳಿಗಾಗಿ ಔಷಧಾಲಯವೊಂದನ್ನು ತೆರೆದ ಜಾರ್ಜ್ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯನು ಅಲ್ಲಿ ಹಾಸಿಗೆಗಳನ್ನು ಇಡಿಸಲು ಒಪ್ಪಲಿಲ್ಲ. ಕಾಯಿಲೆಯ ಮಗುವನ್ನು ಹೆತ್ತವರಿಂದ ಬೇರ್ಪಡಿಸಿದರೆ ಅದರ ಎದೆಯೊಡೆಯುವುದೆಂದೂ, ಮಗುವಿಗೊಬ್ಬಳಂತೆ ತಾಯಂದಿರನ್ನೋ ದಾದಿಯರನ್ನೋ ಇರಿಸಿಕೊಳ್ಳುವುದಾದರೆ ಅಷ್ಟು ಜನರನ್ನು ಸುಧಾರಿಸುವುದು ಅಸಾಧ್ಯವೆಂದೂ ಆತನ ವಾದ. ಮುಂದೆ ಎರಡು ಶತಮಾನಗಳ ಕಾಲ ನಡೆದ ಚರ್ಚೆಯ ಎರಡು ತುದಿಗಳೂ ಈ ಒಂದೇ ಆಕ್ಷೇಪಣೆಯಲ್ಲಿ ಅಡಗಿವೆ. ಪ್ಯಾರಿಸಿನಲ್ಲಿ 1802ರಲ್ಲಿಯೇ ಮಕ್ಕಳ ಆಸ್ಪತ್ರೆಯು ಸ್ಥಾಪಿತವಾಯಿತಾದರೂ ಇಂಗ್ಲೆಂಡು ಅರ್ಧ ಶತಮಾನ ತಡೆಯಿತು. ಈ ತಡೆಯ ಫಲವನ್ನು ಅಂಕಿಗಳು ಹೇಳುತ್ತವೆ. 1843ರಲ್ಲಿ ಲಂಡನ್ನಿನ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಇದ್ದ 2,363 ರೋಗಿಗಳಲ್ಲಿ ಹತ್ತು ವರ್ಷದೊಳಗಿನವರು ಕೇವಲ 26 ಮಂದಿ. ಅದೇ ನಗರದಲ್ಲಿ ಆಗ ವರ್ಷಕ್ಕೆ ಸಾಯುತ್ತಿದ್ದ ಸುಮಾರು 50,000 ಜನರಲ್ಲಿ 21,000ದಷ್ಟು ಮಂದಿ ಆ ವಯಸ್ಸಿನ ಮಕ್ಕಳೇ ಆಗಿದ್ದರು.

ಈ ವಿಷಮತೆಯನ್ನು ಕಂಡು ಮರುಗಿದವನು ಚಾರ್ಲ್ಸ್ ವೆಸ್ಟ್. ಆತನ ವರ್ಷಾನುವರ್ಷದ ಪ್ರಯತ್ನದಿಂದ 1852ರ ಫೆಬ್ರವರಿ 14ರಂದು ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಒಂದು ಹಳೆಯ ಮನೆಯಲ್ಲಿ ಹತ್ತು ಹಾಸಿಗೆಗಳ ಮಕ್ಕಳ ಆಸ್ಪತ್ರೆಯು ಬಾಗಿಲು ತೆರೆಯಿತು. ಡಿಕನ್ಸನು ತನ್ನ ಪತ್ರಿಕೆಯಲ್ಲಿ ಅದರ ಪರವಾಗಿ ಲೇಖನ ಪ್ರಕಟಿಸಿದುದೂ, 1858ರಲ್ಲಿ ಅದಕ್ಕಾಗಿ ಹಣ ಕೂಡಿಸಿಕೊಟ್ಟುದೂ ಪ್ರಸಿದ್ಧವಾದ ಸಂಗತಿಗಳು. ಅಷ್ಟು ಪ್ರಸಿದ್ಧವಲ್ಲದ, ಆದರೆ ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದ ಸಂಗತಿಯೆಂದರೆ, ಆಸ್ಪತ್ರೆ ತೆರೆದ ಎರಡೇ ವರ್ಷಗಳಲ್ಲಿ, 1854ರಲ್ಲಿ, ವೆಸ್ಟನು ಅಲ್ಲಿಯ ದಾದಿಯರಿಗಾಗಿ ಚಿಕ್ಕದೊಂದು ಕೈಪಿಡಿಯನ್ನು ಬರೆದನೆಂಬುದು. ನೈಟಿಂಗೇಲಳ ಶುಶ್ರೂಷಾ ಶಾಲೆ ಆರಂಭವಾದುದು 1860ರಲ್ಲಿ. ಆಕೆಯ ಪ್ರಖ್ಯಾತ ಗ್ರಂಥ ಬಂದುದೂ ವೆಸ್ಟನ ಪುಸ್ತಕಕ್ಕೆ ಐದು ವರ್ಷಗಳ ಅನಂತರ. ಹೀಗೆ ತರಬೇತಿ ಪಡೆದ ದಾದಿಯೆಂಬ ವರ್ಗವೇ ಹುಟ್ಟುವ ಮೊದಲೇ ಮಕ್ಕಳ ದಾದಿಗೆ ಬೇರೆ ವಿದ್ಯೆ ಬೇಕೆಂಬ ಅರಿವು ಮೂಡಿದ್ದಿತು.

ಆ ಕೈಪಿಡಿಯ ಧಾಟಿಯು ಇಂದಿಗೂ ಸೋಜಿಗ ಹುಟ್ಟಿಸುವಂತಿದೆ. ಎಳೆಯ ಮಕ್ಕಳ ಮೇಲೆ ಉತ್ಕಟವಾದ ಪ್ರೀತಿಯಿಲ್ಲದೆ ಈ ಕೆಲಸಕ್ಕೆ ಬಂದವಳು ಹೊಟ್ಟೆಹೊರೆಯಲು ಬೇರೆ ದಾರಿ ನೋಡಿಕೊಳ್ಳುವುದು ಲೇಸೆಂದು ವೆಸ್ಟನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾನೆ. ಆದರೆ ಆತನು ಪ್ರೀತಿಯೊಂದರಿಂದಲೇ ಕೆಲಸ ಸಾಗುವುದೆಂದು ನಂಬಿದವನಲ್ಲ. ಆತನ ವೈದ್ಯಕೀಯ ಉಪನ್ಯಾಸಗಳಲ್ಲಿ ಮಗುವಿನ ಅಳುವನ್ನು ಓದುವ ಕ್ರಮವನ್ನು ವಿವರಿಸಿರುವ ಭಾಗವೊಂದಿದೆ: ಹೊಟ್ಟೆಯ ಬೇನೆಯಲ್ಲಿ ಮಗು ಕಾಲುಗಳನ್ನು ಮೇಲಕ್ಕೆಳೆದುಕೊಂಡು ದೀರ್ಘವಾಗಿ, ಗಟ್ಟಿಯಾಗಿ ಅಳುತ್ತದೆ, ಎದೆಯ ಉರಿಯೂತದಲ್ಲಿ ಉಸಿರೇ ಸಾಲದಿರುವುದರಿಂದ ಅಳು ಮೊಟಕಾಗಿ, ಮನಸ್ಸಿಲ್ಲದ ಹಾಗೆ ಹೊರಡುತ್ತದೆ, ತಲೆಯ ರೋಗದಲ್ಲಿ ಒಮ್ಮೆ ಚೀರಿ ಮತ್ತೆ ನರಳುತ್ತ ಸುಮ್ಮನಾಗುತ್ತದೆ. ಶ್ರವಣನಳಿಕೆ ಇನ್ನೂ ಹೊಸದಾಗಿದ್ದ, ಕ್ಷಕಿರಣವಿಲ್ಲದ ಕಾಲದಲ್ಲಿ ಇದು ಅಲ್ಪಜ್ಞಾನವಲ್ಲ. ಇದರಲ್ಲಿ ಗಮನಿಸಬೇಕಾದುದು ಮತ್ತೊಂದುಂಟು. ಇಲ್ಲಿ ದಾದಿಯೂ ವೈದ್ಯನೂ ಕಲಿಯಬೇಕಾದ ವಿದ್ಯೆಯು ನಿಜವಾಗಿ ತಾಯಿಯ ವಿದ್ಯೆಯೇ. ಆಸ್ಪತ್ರೆಯ ಹೊರಗೆ ಅದನ್ನು ಬಲ್ಲವಳೊಬ್ಬಳಿದ್ದಳು. ಆಕೆಯನ್ನು ಒಳಗೆ ಕರೆಯುವ ಬದಲು ಆಕೆಯ ಅರಿವನ್ನು ಸಂಬಳದ ದಾದಿಗೆ ಕಲಿಸುವ ಏರ್ಪಾಡು ಆಗ ಆರಂಭವಾಯಿತು.

ಈ ಏರ್ಪಾಡನ್ನು ಶಾಸ್ತ್ರವಾಗಿಸಿದವಳು ಕ್ಯಾಥರೀನ್ ವುಡ್. 1878ರಿಂದ ಹತ್ತು ವರ್ಷಗಳ ಕಾಲ ಅದೇ ಆಸ್ಪತ್ರೆಯ ದಾದಿಯರ ಮೇಲ್ವಿಚಾರಕಳಾಗಿದ್ದ ಆಕೆಯು, ಕಾಯಿಲೆಯ ಮಕ್ಕಳಿಗೆ ವಿಶೇಷ ಶುಶ್ರೂಷೆ ಬೇಕು, ಅವರ ದಾದಿಯರಿಗೆ ವಿಶೇಷ ಶಿಕ್ಷಣ ಬೇಕು ಎಂದು 1888ರಲ್ಲಿ ಬರೆದಳು. 1919ರಲ್ಲಿ ಇಂಗ್ಲೆಂಡಿನಲ್ಲಿ ದಾದಿಯರ ನೋಂದಣಿಯ ಶಾಸನ ಬಂದಾಗ ಮಕ್ಕಳ ದಾದಿಯರಿಗೆ ಪ್ರತ್ಯೇಕ ಪಟ್ಟಿಯೊಂದು ಏರ್ಪಟ್ಟಿತು. ವೃತ್ತಿಗೆ ಗೌರವ ಬಂದಿತು. ಬಾಗಿಲು ಮಾತ್ರ ಮುಚ್ಚಿಯೇ ಇದ್ದಿತು.

ಬಾಗಿಲು ಮುಚ್ಚಿದುದಕ್ಕೆ ಕಾರಣವಿಲ್ಲದಿರಲಿಲ್ಲ. ಅದನ್ನು ಬರಿಯ ಕ್ರೌರ್ಯವೆಂದು ತಳ್ಳಿಹಾಕುವುದು ಚರಿತ್ರೆಗೆ ಮಾಡುವ ಅನ್ಯಾಯವಾದೀತು. ಗಂಟಲುಮಾರಿ, ಕೆಂಜ್ವರ, ದಡಾರಗಳು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹಾರಿ ವಾರ್ಡನ್ನೇ ಬರಿದು ಮಾಡಬಲ್ಲ ರೋಗಗಳಾಗಿದ್ದವು. ಸೋಂಕು ಮನೆಯವರೊಡನೆ ಬರುತ್ತದೆಂಬ ಭೀತಿ ನಿಜವಾದ ಭೀತಿ. 1890ರ ದಶಕದಲ್ಲಿ ಗಂಟಲುಮಾರಿಯ ಪ್ರತಿವಿಷ ಬರುವವರೆಗೂ ಉಸಿರುಕಟ್ಟಿದ ಮಗುವಿನ ಕೊರಳಿಗೆ ರಂಧ್ರಮಾಡಿ ನಳಿಕೆಯಿಡುವುದೇ ಮುಖ್ಯ ಉಪಾಯ. ಆ ನಳಿಕೆಯು ಕಫದಿಂದ ಕಟ್ಟಿಕೊಳ್ಳದಂತೆ ರಾತ್ರಿಯಿಡೀ ಬಳಿಯಲ್ಲೇ ಕುಳಿತು ಶುಚಿಮಾಡುತ್ತಿದ್ದವಳು ದಾದಿ. ಶಸ್ತ್ರವೈದ್ಯನ ಕೆಲಸ ಕೆಲವೇ ನಿಮಿಷಗಳದು, ಅವಳದು ದಿನಗಳದು. ಆ ಕೆಲಸದಲ್ಲಿ ಸೋಂಕು ತಗಲಿ ದಾದಿಯರೇ ಪ್ರಾಣ ಬಿಟ್ಟುದೂ ಉಂಟು.

ಆದರೆ ರೋಗದ ಭಯವು ಕಡಿಮೆಯಾದ ಮೇಲೂ ನಿಯಮವು ಉಳಿಯಿತು. ಲಂಡನ್ನಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ತಾಯಿತಂದೆಗಳಿಗಿದ್ದ ಅವಕಾಶವನ್ನು 1949ರಲ್ಲಿ ಒಬ್ಬರು ವಿಚಾರಿಸಿ ಪ್ರಕಟಿಸಿದರು. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಎರಡು ಗಂಟೆಗಳ ಅವಧಿ. ಸೇಂಟ್ ಬಾರ್ತಲೊಮ್ಯೂದಲ್ಲಿ ಬುಧವಾರ ಒಂದೂವರೆ ಗಂಟೆ. ಸೇಂಟ್ ಥಾಮಸ್ಸಿನಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ. ಸಂಜೆ ಏಳರಿಂದ ಎಂಟರೊಳಗೆ ನಿದ್ದೆಹೋದ ಮಗುವನ್ನು ಮಾತ್ರ ನೋಡಬಹುದು. ಲಂಡನ್ ಹಾಸ್ಪಿಟಲಿನಲ್ಲಿ ಮೂರು ವರ್ಷದೊಳಗಿನ ಮಕ್ಕಳ ಹೆತ್ತವರು ಅಡ್ಡಗೋಡೆಯ ಮರೆಯಿಂದ ಇಣುಕಬಹುದಾಗಿತ್ತು. ಆ ವೇಳೆಗೆ ಪೆನಿಸಿಲಿನ್ ಬಂದಾಗಿತ್ತೆಂಬುದನ್ನು ನೆನೆಯಬೇಕು. ನಿಯಮಕ್ಕೆ ಈಗ ಹೇಳುತ್ತಿದ್ದ ಕಾರಣ ಬೇರೆ: ತಾಯಿ ಬಂದು ಹೋದರೆ ಮಗು ಅಳುತ್ತದೆ, ವಾರ್ಡಿನ ಶಿಸ್ತು ಕೆಡುತ್ತದೆ, ಬಾರದಿದ್ದರೆ ಎರಡು ಮೂರು ದಿನಗಳಲ್ಲಿ ಮಗು ತಾನೇ ಹೊಂದಿಕೊಳ್ಳುತ್ತದೆ.

‘ಹೊಂದಿಕೊಳ್ಳುವುದು’ ಎಂಬ ಈ ಮಾತನ್ನು ಪರೀಕ್ಷೆಗೆ ಒಡ್ಡಿದವನು ಜೇಮ್ಸ್ ರಾಬರ್ಟ್‌ಸನ್. ಆತನು ವೈದ್ಯನಲ್ಲ. ಯುದ್ಧಕಾಲದಲ್ಲಿ ಆನಾ ಫ್ರಾಯ್ಡಳು ಲಂಡನ್ನಿನಲ್ಲಿ ನಡೆಸುತ್ತಿದ್ದ ಶಿಶುಗೃಹದಲ್ಲಿ ಬಾಯ್ಲರಿಗೆ ಬೆಂಕಿಯಿಕ್ಕುವ, ಮುರಿದುದನ್ನು ರಿಪೇರಿ ಮಾಡುವ ಕೆಲಸಕ್ಕಿದ್ದವನು. ಅಲ್ಲಿ ಯಾವ ಕೆಲಸದವನಾದರೂ ಮಕ್ಕಳಲ್ಲಿ ಕಂಡುದನ್ನು ಬರೆದಿಡಬೇಕೆಂಬ ಕಟ್ಟಳೆಯಿದ್ದಿತು. ನೋಡುವುದನ್ನು ಆತನು ಕಲಿತುದು ಹಾಗೆ. 1948ರಿಂದ ಮಕ್ಕಳ ವಾರ್ಡುಗಳಲ್ಲಿ ಕುಳಿತು ನೋಡಿದ ಆತನಿಗೆ ತಾಯಿಯಿಂದ ಅಗಲಿದ ಎಳೆಯ ಮಗುವಿನಲ್ಲಿ ಮೂರು ಅವಸ್ಥೆಗಳು ಕಂಡವು. ಮೊದಲು ಪ್ರತಿಭಟನೆ, ಬಳಿಕ ನಿರಾಶೆ, ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುವ ಒಂದು ಬಗೆಯ ನಿರ್ಲಿಪ್ತತೆ. ದಾದಿಯರು ಮಗು ಹೊಂದಿಕೊಂಡಿತೆಂದು ಸಮಾಧಾನಪಟ್ಟು ಬರೆಯುತ್ತಿದ್ದುದು ಈ ಎರಡನೆಯ, ಮೂರನೆಯ ಅವಸ್ಥೆಗಳನ್ನು ಕಂಡು! ಅಳುವ ಕೂಸಿಗೇ ಹಾಲು ಎಂಬುದು ನಮ್ಮವರ ಗಾದೆ. ಆ ವಾರ್ಡುಗಳಲ್ಲಿ ಮೆಚ್ಚುಗೆ ದೊರೆಯುತ್ತಿದ್ದುದು ಅಳದ ಕೂಸಿಗೆ.

ಮಾತಿನಿಂದ ನಂಬಿಸಲಾಗದೆ ರಾಬರ್ಟ್‌ಸನ್ ಒಂದು ಚಲನಚಿತ್ರವನ್ನೇ ತೆಗೆದನು. ಹೊಕ್ಕುಳಿನ ಅಂಡವಾಯುವಿನ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಹುಡುಗಿಯೊಬ್ಬಳ ಮುಖವನ್ನಷ್ಟೇ ಅದು ಹಿಂಬಾಲಿಸುತ್ತದೆ. 1952ರ ನವೆಂಬರಿನಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್ನಿನ ಸಭೆಯಲ್ಲಿ ಅದನ್ನು ತೋರಿಸಿದಾಗ ನೆರೆದವರಲ್ಲಿ ಬಹುಮಂದಿ ರೇಗಿದರು. ಇದು ದಾದಿಯರಿಗೂ ವೈದ್ಯರಿಗೂ ಮಾಡಿದ ಅಪಮಾನವೆಂದರು. ಅವರ ರೇಗಾಟವು ಸಹಜವೇ. ಚಿತ್ರವು ತೋರಿಸಿದುದು ಯಾರ ಅಸಡ್ಡೆಯನ್ನೂ ಅಲ್ಲ, ಚೆನ್ನಾಗಿ ನಡೆದಿದ್ದ ವಾರ್ಡನ್ನೇ.

ಇಲ್ಲಿ ಹೊಸ ದಾದಿಯ ಕಡೆಯಿಂದ ನೋಡಿದರೆ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಇಸಬೆಲ್ ಮೆಂಜೀಸ್ ಎಂಬಾಕೆಯು ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರ ಶುಶ್ರೂಷಾ ವ್ಯವಸ್ಥೆಯನ್ನು ಪರಿಶೀಲಿಸಿ 1960ರ ಸುಮಾರಿಗೆ ಪ್ರಕಟಿಸಿದ ಪ್ರಬಂಧವು ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಒಬ್ಬಳಿಗೆ ಒಬ್ಬ ರೋಗಿಯನ್ನು ಒಪ್ಪಿಸದೆ, ಒಬ್ಬಳು ಎಲ್ಲರ ಜ್ವರ ನೋಡುವುದು, ಇನ್ನೊಬ್ಬಳು ಎಲ್ಲರಿಗೂ ಮೈ ಒರೆಸುವುದು, ಹೀಗೆ ಕೆಲಸವನ್ನು ಚೂರು ಚೂರು ಮಾಡಿ ಹಂಚುತ್ತಿದ್ದುದು ಏಕೆ? ಯಾವ ರೋಗಿಯ ಮೇಲೂ ಮನಸ್ಸು ನೆಡದಿರಲಿ, ಸಾವುನೋವುಗಳ ತಾಪ ದಾದಿಗೆ ತಟ್ಟದಿರಲಿ ಎಂಬ ಗೂಢವಾದ ಉದ್ದೇಶದಿಂದ, ಎಂದು ಆಕೆಯ ನಿರ್ಣಯ. ಆದರೆ ತಾಪ ತಪ್ಪಲಿಲ್ಲ. ಶಿಕ್ಷಣಕ್ಕೆ ಸೇರಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಹುಡುಗಿಯರು ನಡುವೆಯೇ ಬಿಟ್ಟುಹೋಗುತ್ತಿದ್ದರು. ಮನಸ್ಸುಳ್ಳವರೇ ಮೊದಲು ಹೋಗುತ್ತಿದ್ದರೆಂದು ಮೆಂಜೀಸಳಿಗೆ ತೋರಿತು. ಆಕೆ ನೋಡಿದುದು ಸಾಮಾನ್ಯ ಆಸ್ಪತ್ರೆಯನ್ನು. ಆದರೂ ವೆಸ್ಟನು ಯಾವ ಪ್ರೀತಿಯಿಲ್ಲದವಳು ಬರಬೇಡವೆಂದನೋ ಆ ಪ್ರೀತಿಯನ್ನು ಮರೆಮಾಡಿದವಳು ಮಾತ್ರ ಉಳಿಯಬಲ್ಲ ಸ್ಥಿತಿಗೆ ನೂರು ವರ್ಷಗಳಲ್ಲಿ ಆಸ್ಪತ್ರೆಯ ಪದ್ಧತಿಯು ಬಂದು ಮುಟ್ಟಿದ್ದಿತೆಂದು ಊಹಿಸಲು ಇದರಿಂದ ಸಾಕಷ್ಟು ಆಧಾರ ದೊರೆಯುತ್ತದೆ.

ಬೇರೆ ದಾರಿ ಇರಲಿಲ್ಲವೇ? ಇದ್ದಿತು. ನ್ಯೂಕಾಸಲ್ಲಿನ ಶಿಶು ಆಸ್ಪತ್ರೆಯಲ್ಲಿ ಜೇಮ್ಸ್ ಸ್ಪೆನ್ಸ್ 1920ರ ದಶಕದಿಂದಲೇ ತಾಯಂದಿರನ್ನು ಮಕ್ಕಳೊಡನೆ ಇರಿಸಿಕೊಂಡಿದ್ದನು. ನ್ಯೂಜಿಲೆಂಡಿನಲ್ಲಿ ಸೀಳುತುಟಿಯ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಿಕರಿಲ್ ದಂಪತಿಗಳು 1940ರ ದಶಕದಲ್ಲಿ ಶುಶ್ರೂಷೆಯನ್ನು ತಾಯಿಗೇ ಒಪ್ಪಿಸಿದರು. ಅವರ ಕಾರಣವು ಸ್ವಾರಸ್ಯವಾದುದು: ಸೋಂಕನ್ನು ಮಗುವಿನಿಂದ ಮಗುವಿಗೆ ಒಯ್ಯುವವರು ಹತ್ತು ಮಕ್ಕಳನ್ನು ಮುಟ್ಟುವ ದಾದಿಯರು, ತಾಯಿ ಮುಟ್ಟುವುದು ಒಂದೇ ಮಗುವನ್ನು. ಯಾವ ಕಾರಣದಿಂದ ತಾಯಿಯನ್ನು ಹೊರಗಿಟ್ಟಿದ್ದರೋ ಅದೇ ಕಾರಣದಿಂದ ಆಕೆಯನ್ನು ಒಳಗೆ ಕರೆದಂತಾಯಿತು. ಕಡೆಗೆ 1959ರಲ್ಲಿ ಹ್ಯಾರಿ ಪ್ಲ್ಯಾಟನ ಸಮಿತಿಯು ಭೇಟಿಗೆ ಕಾಲದ ಕಟ್ಟು ಕೂಡದೆಂದೂ, ಎಳೆಯ ಮಕ್ಕಳ ಜತೆಗೆ ತಾಯಿಗೂ ಎಡೆ ಕೊಡಬೇಕೆಂದೂ ಸರಕಾರಕ್ಕೆ ವರದಿ ಮಾಡಿತು. ವರದಿ ಬಂದೊಡನೆ ಬಾಗಿಲು ತೆರೆಯಲಿಲ್ಲ. 1961ರಲ್ಲಿ ಲಂಡನ್ನಿನ ಬ್ಯಾಟರ್ಸಿಯ ತಾಯಂದಿರು ಕೂಡಿ ಸಂಘ ಕಟ್ಟಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಕೇಳುತ್ತ ಹೋಗಬೇಕಾಯಿತು.

ಭಾರತದ ಕಥೆ ಈ ಕ್ರಮದಲ್ಲಿ ನಡೆದುದಲ್ಲ. ಮದರಾಸಿನ ಸರಕಾರಿ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣ ಆರಂಭವಾದುದು 1871ರಲ್ಲಿ. ಮುಂಬಯಿಯ ಪರಳದಲ್ಲಿ, ಗಿರಣಿಗಳ ನಡುವೆ, ಬಾಯಿ ಜೆರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ 1929ರಲ್ಲಿಯೂ, ಬೆಂಗಳೂರಿನ ಹೆಂಗಸರ ಮತ್ತು ಮಕ್ಕಳ ವಾಣಿವಿಲಾಸ ಆಸ್ಪತ್ರೆ 1935ರಲ್ಲಿಯೂ, ದಿಲ್ಲಿಯ ಕಲಾವತಿ ಸರನ್ ಮಕ್ಕಳ ಆಸ್ಪತ್ರೆ 1956ರಲ್ಲಿಯೂ ತೆರೆದುವು. ಕಟ್ಟಡಗಳೆದ್ದರೂ ದಾದಿಯರೆಲ್ಲಿ? 1946ರ ಭೋರ್ ಸಮಿತಿಯ ಲೆಕ್ಕದಂತೆ ಇಡೀ ದೇಶಕ್ಕೆ ಇದ್ದ ದಾದಿಯರು ಸುಮಾರು 7,000, ಎಂದರೆ 43,000 ಜನರಿಗೆ ಒಬ್ಬಳು. ಹುಟ್ಟಿದ ಸಾವಿರ ಶಿಶುಗಳಲ್ಲಿ 1937ರಲ್ಲಿ 162 ಶಿಶುಗಳು ವರ್ಷ ತುಂಬುವ ಮೊದಲೇ ಅಳಿದುವೆಂದು ಅದೇ ವರದಿ ಹೇಳುತ್ತದೆ. ಶುಶ್ರೂಷೆಯಲ್ಲಿ ವಿಶ್ವವಿದ್ಯಾಲಯದ ಪದವಿ ಶಿಕ್ಷಣ ದಿಲ್ಲಿ, ವೆಲ್ಲೂರುಗಳಲ್ಲಿ ಆರಂಭವಾದುದೂ 1946ರಲ್ಲಿಯೇ.

ಇಂಥ ಕೊರತೆಯಲ್ಲಿ ತಾಯಿಯನ್ನು ಹೊರಗಿಡುವ ಐಶ್ವರ್ಯ ಇಲ್ಲಿಯ ಸಾಮಾನ್ಯ ವಾರ್ಡಿಗೆ ಇರಲಿಲ್ಲ. ಆಕೆ ಮಗುವಿನ ಮಂಚದ ಬಳಿ, ಅನೇಕ ಕಡೆ ನೆಲದ ಮೇಲೆಯೇ, ಉಳಿದಳು. ಉಣಿಸಿದಳು, ಒರೆಸಿದಳು, ಬಾಟಲಿಯ ಸಲೈನು ಮುಗಿಯುತ್ತ ಬಂದಾಗ ಓಡಿಹೋಗಿ ಸಿಸ್ಟರನ್ನು ಕರೆದಳು. ಪಶ್ಚಿಮದವರು ಸಮಿತಿ ನೇಮಿಸಿ ಕಂಡುಕೊಂಡುದು ನಮ್ಮಲ್ಲಿ ಮೊದಲೇ ಇದ್ದಿತೆಂದು ಹೆಮ್ಮೆಪಡುವವರುಂಟು. ಆ ಹೆಮ್ಮೆಯು ಒಪ್ಪತಕ್ಕದ್ದಲ್ಲ. ಇಲ್ಲಿ ತಾಯಿ ಇದ್ದುದು ಯಾರೂ ಯೋಚಿಸಿ ಕೊಟ್ಟ ಸ್ಥಾನದಲ್ಲಲ್ಲ. ಅವಳಿಗೆ ಮಲಗಲು ಎಡೆಯಿಲ್ಲ, ಊಟಕ್ಕೆ ವ್ಯವಸ್ಥೆಯಿಲ್ಲ, ಕೂಲಿ ತಪ್ಪಿದ ದಿನಗಳಿಗೆ ಪರಿಹಾರವಿಲ್ಲ, ಮನೆಯಲ್ಲಿ ಉಳಿದ ಮಕ್ಕಳಿಗೆ ಗತಿಯಿಲ್ಲ. ಮಗುವಿಗೆ ಏನು ಆಗುತ್ತಿದೆಯೆಂಬುದನ್ನು ಅವಳಿಗೆ ವಿವರಿಸುವವರೂ ವಿರಳ. ಹೊಸದಾಗಿ ಬಂದ ದಾದಿಗಂತೂ ಶಾಲೆಯಲ್ಲಿ ಕಲಿಸಿದ್ದುದು ಇಂಗ್ಲಿಷ್ ಮಾದರಿಯ ನಿಶ್ಶಬ್ದವಾದ ವಾರ್ಡನ್ನು. ಅವಳ ಕಣ್ಣಿಗೆ ಈ ತಾಯಂದಿರು ಒಂದು ಗದ್ದಲವಾಗಿ ಕಂಡರೆ ತಪ್ಪು ಅವಳದೊಬ್ಬಳದೇ ಅಲ್ಲ.

ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಎಳೆಯೂ ಗೋಚರವಾಗದಿರದು. ಮುಂಬಯಿ, ದಿಲ್ಲಿಗಳ ವಾರ್ಡುಗಳಲ್ಲಿ ದಾದಿಯು ಕೇರಳದಿಂದ ಬಂದವಳಾಗಿರಬಹುದು, ವೈದ್ಯನು ಹಿಂದಿಯವನೋ ಮರಾಠಿಯವನೋ ಆಗಿರಬಹುದು, ತಾಯಿ ವಿಜಾಪುರದ ಕಡೆಯವಳಾಗಿರಬಹುದು. ದಾದಿಯೂ ಅಲ್ಲಿ ಪರವೂರಿನವಳೇ. ಅವಳು ಮೊದಲ ತಿಂಗಳುಗಳಲ್ಲಿ ಕಲಿಯುವ ನಾಲ್ಕಾರು ಮಾತುಗಳು ಹಾಲು, ನೀರು, ವಾಂತಿ, ಭೇದಿಗಳಿಗೆ ಸಂಬಂಧಿಸಿದವು. ಮಗುವಿನ ಮಾತನ್ನು ತಾಯಿ ದಾದಿಗೆ ತಿಳಿಸಬೇಕು, ತಾಯಿಯ ಮಾತನ್ನು ಪಕ್ಕದ ಮಂಚದ ಹೆಂಗಸು ತಿಳಿಸಬೇಕು. ಈ ಎರಡು ಹಂತದ ದುಭಾಷೆಯಲ್ಲಿ ‘ನಿನ್ನೆಯಿಂದ’ ಎಂಬುದು ‘ಮೊನ್ನೆಯಿಂದ’ ಎಂದಾದರೆ ಮಗುವಿನ ಮೈಯ ನೀರಿನ ಲೆಕ್ಕವೇ ತಪ್ಪುತ್ತದೆ.

ನೀರಿನ ಲೆಕ್ಕವೆಂದೊಡನೆ 1971 ನೆನಪಾಗಬೇಕು. ಪೂರ್ವಬಂಗಾಳದ ನಿರಾಶ್ರಿತರು ತುಂಬಿದ್ದ ಬನಗಾಂವಿನಲ್ಲಿ ಕಾಲರಾ ಹಬ್ಬಿದಾಗ ನರಕ್ಕೆ ಕೊಡುವ ಸಲೈನು ಸಾಲದೆ ಬಂದಿತು, ಕೊಡಬಲ್ಲ ಕೈಗಳೂ ಸಾಲವು. ದಿಲೀಪ್ ಮಹಾಲನೋಬಿಸ್ ಗ್ಲೂಕೋಸು, ಉಪ್ಪು, ಸೋಡಾಗಳನ್ನು ಬೆರೆಸಿ ನೀರಿನಲ್ಲಿ ಕರಗಿಸಿ, ಬಾಯಿಂದ ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ಇಪ್ಪತ್ತು ಮೂವತ್ತು ಪ್ರತಿಶತದವರೆಗೆ ಏರಿದ್ದ ಮರಣವು ಅವರ ಆರೈಕೆಯಲ್ಲಿ ನಾಲ್ಕು ಪ್ರತಿಶತಕ್ಕಿಂತ ಕೆಳಗಿಳಿಯಿತು. ತಾಯಿಯು ದಾದಿಯ ಕೆಲಸವನ್ನು ಮಾಡಬಲ್ಲಳೆಂಬುದು ಕೊರತೆಯ ಅನಿವಾರ್ಯತೆಯಾಗಿದ್ದುದು ಅಲ್ಲಿ ಚಿಕಿತ್ಸೆಯ ಕ್ರಮವೇ ಆಯಿತು. 1978ರ ಸುಮಾರಿಗೆ ಕೊಲಂಬಿಯದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯನು, ಶಾಖಪೆಟ್ಟಿಗೆಗಳು ಸಾಲದೆ, ತೂಕ ಕಡಿಮೆಯಾದ ಶಿಶುಗಳನ್ನು ತಾಯಿಯ ಎದೆಗೆ ಕಟ್ಟಿಸಿದುದೂ ಇದೇ ಜಾತಿಯ ಶೋಧ.

ಆದರೆ ಚರಿತ್ರೆಯ ವಕ್ರತೆಯನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತದ ಆಸ್ಪತ್ರೆಗಳಿಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳು ಬಂದುವು. 2003ರಲ್ಲಿ ಬಂಗಾಳದ ಪುರುಲಿಯಾದಿಂದ ಮೊದಲುಗೊಂಡು ಜಿಲ್ಲಾ ಆಸ್ಪತ್ರೆಗಳಿಗೂ ಹಬ್ಬಿದುವು. ಅವುಗಳಿಂದ ಉಳಿದ ಜೀವಗಳು ಅಸಂಖ್ಯ. ಅವುಗಳ ಜತೆಗೆ ಗಾಜಿನ ಬಾಗಿಲೂ ಬಂದಿತು. ಲಂಡನ್ನಿನವರು ಕಿತ್ತುಹಾಕಿದ ನಿಯಮವನ್ನು ನಾವು ಹೊಸ ಯಂತ್ರಗಳೊಡನೆ ಸ್ವೀಕರಿಸಿದೆವು. ತಾಯಿ ಹಾಲೂಡಿಸುವ ಹೊತ್ತಿಗಷ್ಟೇ ಒಳಗೆ ಬಂದು ಹೋಗತಕ್ಕವಳಾದಳು. ಕಾರಣವೂ ಹಳೆಯದೇ: ಸೋಂಕು. ದಿಲ್ಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ ಈ ಕಾರಣವನ್ನು ಪರೀಕ್ಷಿಸಿ ನೋಡಿದರು. ಹೆತ್ತವರಿಗೆ ಕೈತೊಳೆಯುವುದನ್ನೂ ಶಿಶುವಿನ ಆರೈಕೆಯನ್ನೂ ಕಲಿಸಿ ಒಳಗೆ ಬಿಟ್ಟಾಗ ಸೋಂಕು ಹೆಚ್ಚಲಿಲ್ಲ. ಮನೆಗೆ ಹೋಗುವ ಮೊದಲು ಎದೆಹಾಲನ್ನಷ್ಟೇ ಕುಡಿಯುವ ಶಿಶುಗಳು ಹೆಚ್ಚಿದುವು. 2017ರಲ್ಲಿ ಇದರ ಫಲ ಪ್ರಕಟವಾಯಿತು, ಅದೇ ವರ್ಷ ಕೇಂದ್ರ ಸರಕಾರವು ಹೆತ್ತವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳುವ ಮಾರ್ಗಸೂಚಿಯನ್ನು ಹೊರಡಿಸಿತು.

ಅದರ ಹೊರೆ ಈ ಸಲವೂ ಹೊಸ ದಾದಿಯ ಮೇಲೆಯೇ ಬಿದ್ದಿತೆಂಬುದು ಗಮನಾರ್ಹ. ಕಲಿಸುವವಳು ಅವಳು. ಮಕ್ಕಳ ವಾರ್ಡಿನಲ್ಲಿ ಔಷಧವೆಲ್ಲ ಕಿಲೋ ತೂಕದ ಲೆಕ್ಕ; ದಶಾಂಶ ಬಿಂದು ಒಂದು ಮನೆ ಸರಿದರೆ ಮಗುವಿಗೆ ಹತ್ತು ಪಾಲು ಔಷಧ ಹೋಗುತ್ತದೆ. ಶಾಲೆಯ ಆದರ್ಶಕ್ಕೂ ಕೆಲಸದ ವಾಸ್ತವಕ್ಕೂ ನಡುವಿನ ಈ ಹೊಡೆತವನ್ನು ಮಾರ್ಲೀನ್ ಕ್ರೇಮರ್ ಎಂಬ ಅಮೆರಿಕದ ವಿದುಷಿ 1974ರಷ್ಟು ಹಿಂದೆಯೇ ವಾಸ್ತವದ ಆಘಾತವೆಂದು ಹೆಸರಿಟ್ಟು ವರ್ಣಿಸಿದ್ದಾಳೆ. ಲೆಕ್ಕ ತಪ್ಪದಂತೆ ಉಸಿರು ಬಿಗಿಹಿಡಿದು ಸಿರಿಂಜು ತುಂಬುತ್ತಿರುವವಳಿಗೆ, ಪಕ್ಕದಲ್ಲಿ ನಿಂತ ತಾಯಿಗೆ ವಿವರಿಸುವ ವ್ಯವಧಾನವೂ ಇರಲಿ ಎನ್ನುವುದು ಸುಲಭ; ಅದಕ್ಕೆ ಬೇಕಾದ ಹೊತ್ತನ್ನೂ ಕೈಗಳನ್ನೂ ಒದಗಿಸುವುದು ಆಡಳಿತದ ಕೆಲಸ, ಅದು ಮಾರ್ಗಸೂಚಿಯಿಂದಷ್ಟೇ ಆಗುವುದಿಲ್ಲ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾ ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ಫಲ ಪ್ರಕಟವಾಯಿತು. ಒಂದರಿಂದ 1.8 ಕಿಲೋ ಒಳಗಿನ ತೂಕದ 3,211 ಶಿಶುಗಳಲ್ಲಿ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಸೇರಿದವರ ಪೈಕಿ 28 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ 12. ಸ್ಥಿತಿ ಸುಧಾರಿಸಿದ ಮೇಲೆ ಮಾತ್ರ ಸೇರಿದವರಲ್ಲಿ 15.7. ಭಾರತದಲ್ಲಿ ಇದು ನಡೆದುದು ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ಇದಕ್ಕಾಗಿ ಅಲ್ಲಿ ತೀವ್ರ ನಿಗಾ ಘಟಕದೊಳಗೇ ಶಿಶುವಿನ ಪಕ್ಕದಲ್ಲಿ ತಾಯಿಯ ಮಂಚವನ್ನು ಹಾಕಬೇಕಾಯಿತು; ಬಾಣಂತಿಯು ರೋಗಿಯೂ ಆಗಿರುವುದರಿಂದ, ಶಿಶುಗಳನ್ನಷ್ಟೇ ನೋಡಿಕೊಳ್ಳುತ್ತಿದ್ದ ದಾದಿಯರು ಅವಳ ರಕ್ತದೊತ್ತಡವನ್ನೂ ರಕ್ತಸ್ರಾವವನ್ನೂ ನೋಡಲು ಕಲಿತರು.